ಆಯುಧಪೂಜೆಯಲ್ಲಿ ಮುರಿದ ಮುಳ್ಳು

14 ಡಿಸೆಂಬರ್ 2025, ಭಾನುವಾರ
ಸರಸ್ವತಿಪುರಂ, ಮೈಸೂರು

ಎರಡೂವರೆ ತಿಂಗಳ ಮೇಲೆ ಇವತ್ತು ಮನೆಯಲ್ಲಿ ಗ್ರಾಮಫೋನ್ ಪ್ಲೇಟು ಸರಿಯಾಗಿ ತಿರುಗಿತು. ಪ್ಲೇಯರಿನ ಮುಳ್ಳು ಮುರಿದವಳು ನಾನೇ ಆದ್ದರಿಂದ ಇಷ್ಟು ದಿನ ಅಣ್ಣನ ಮುಖ ನೋಡೋದೇ ಕಷ್ಟವಾಗಿತ್ತು. (ನಮ್ಮ ಮನೆಯಲ್ಲಿ ಅಪ್ಪನನ್ನೇ ಅಣ್ಣ ಅನ್ನೋದು. ಹೊಸದಾಗಿ ಓದುವವರು ಗೊಂದಲ ಮಾಡಿಕೊಳ್ಳಬೇಡಿ.)

ಆಯುಧಪೂಜೆ ದಿನ ನಮ್ಮಲ್ಲಿ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಅಣ್ಣ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗಿನ ಸ್ಪ್ಯಾನರ್ ಪೆಟ್ಟಿಗೆ, ಇವುಗಳ ಜೊತೆಗೆ ಗ್ಯಾರಾರ್ಡ್ ರೆಕಾರ್ಡ್ ಪ್ಲೇಯರಿಗೂ ಅರಿಶಿನ ಕುಂಕುಮ ಆಗುತ್ತದೆ. ಪೂಜೆಗೆ ಮುಂಚೆ ಧೂಳು ಒರೆಸೋಣ ಅಂತ ಹಳೇ ಬನಿಯನ್ ಬಟ್ಟೆ ಹಿಡಿದು ಹೋದೆ. ಬಟ್ಟೆಯ ಒಂದು ಎಳೆ, ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳಿಗೆ ಸಿಕ್ಕಿಕೊಂಡದ್ದು ಕಾಣಲಿಲ್ಲ. ಎಳೆದೆ. ಸದ್ದೂ ಬರಲಿಲ್ಲ. ಎಳ್ಳಿನ ಸಿಪ್ಪೆಯಷ್ಟು ಏನೋ ಒಂದು ಬಟ್ಟೆಯ ಮೇಲೆ ಮಿನುಗಿತು, ಅಷ್ಟೆ. ಅಣ್ಣ ನೋಡಿದರು, ಕುಂಕುಮದ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡರು, "ಹೋಗ್ಲಿ ಬಿಡಮ್ಮ, ಪೂಜೆ ಮಾಡೋಣ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಈ ಗ್ಯಾರಾರ್ಡ್ ಎಸ್‌ಪಿ25 ಮಾರ್ಕ್ 3, ಇಂಗ್ಲೆಂಡಿನ ಸ್ವಿಂಡನ್ ಊರಿನ ಕಂಪನಿಯದು. 1979ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಆಂಗ್ಲೋ-ಇಂಡಿಯನ್ ಗಾರ್ಡ್ ಒಬ್ಬರಿಂದ ಅಣ್ಣ ಸೆಕೆಂಡ್ ಹ್ಯಾಂಡಲ್ಲಿ ಕೊಂಡದ್ದು. ಇದರೊಳಗೆ ಬೆಲ್ಟ್ ಇಲ್ಲ. ಮೋಟಾರಿನ ತಿರುಗಣೆಗೂ ತಟ್ಟೆಯ ಅಂಚಿಗೂ ನಡುವೆ ಒಂದು ರಬ್ಬರ್ ಚಕ್ರ ಒತ್ತಿ ತಿರುಗಿಸುತ್ತದೆ. ನಿಮಿಷಕ್ಕೆ 33, 45, 78 ಸುತ್ತು, ಮೂರೂ ವೇಗ ಉಂಟು. ಮುಳ್ಳನ್ನು ಹೊತ್ತು ಪ್ಲೇಟಿನ ಮೇಲೆ ಸಾಗುವ ತೋಳಿನ ತುದಿಯಲ್ಲಿದ್ದದ್ದು ಶ್ಯೂರ್ ಎಂ75 ಕಾರ್ಟ್ರಿಜ್, ಅಂದರೆ ಮುಳ್ಳಿನ ಅದುರಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿ. ಅದಕ್ಕೇ ಇನ್ನೊಂದು ಮುಳ್ಳು ತಂದರೆ ಮುಗಿಯಿತಲ್ಲ ಅಂತ ಮೊದಲು ಅಂದುಕೊಂಡೆ. ಶ್ಯೂರ್‌ನವರು ಈ ವ್ಯಾಪಾರವನ್ನೇ 2018ರಲ್ಲಿ ಬಿಟ್ಟಿದ್ದಾರೆ. ಜಪಾನಿನ ಜಿಕೋ ಎಂಬ ಕಂಪನಿ ಹಳೇ ಶ್ಯೂರ್‌ಗಳಿಗೆ ಒಳ್ಳೆಯ ಮುಳ್ಳು ಮಾಡುತ್ತದೆ, ಆದರೆ ಅದು ಕಡಲು ದಾಟಿ ಸುಂಕ ಕಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಹೊಸ ಕಾರ್ಟ್ರಿಜ್‌ನ ಬೆಲೆ ಮೀರಿರುತ್ತದೆ.

ಹಾಗಾಗಿ ಅತಿಬುದ್ಧಿ ಉಪಯೋಗಿಸಿ ಆನ್‌ಲೈನಲ್ಲಿ ಒಂಬೈನೂರಕ್ಕೆ "ಸೇಮ್ ಟು ಸೇಮ್" ಮುಳ್ಳೊಂದನ್ನು ತರಿಸಿದೆ. ಮಾರಿದವರ ಹೆಸರು ಬೇಡ. ಮಗ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದ: ಮುಳ್ಳಿನ ತುದಿಯ ವಜ್ರವನ್ನು ಹಿಡಿದ ಕಡ್ಡಿ ಮುಂದಕ್ಕೆ ನೇರ ನೋಡುವ ಬದಲು ಎಡಕ್ಕೆ ಓರೆ. "ಅಮ್ಮಾ, ಇದು ಆಟೋ ಥರ, ಸೈಡಲ್ಲೇ ಹೋಗುತ್ತೆ" ಅಂದ. ಹಾಕಿದರೆ ಬಲಗಡೆ ಸ್ಪೀಕರ್ ಜೋರು, ಎಡಗಡೆ ಪಿಸುಮಾತು, ಪ್ರತಿ 'ಸ'ಕಾರಕ್ಕೂ ಒಗ್ಗರಣೆ ಸಿಡಿದ ಸದ್ದು. ಅಣ್ಣ ಎರಡು ನಿಮಿಷ ಕೇಳಿ ತಾವೇ ಎದ್ದು ತೋಳನ್ನು ಎತ್ತಿಟ್ಟರು.

ಆಮೇಲೆ ಶುರುವಾಯಿತು ನನ್ನ ಓದು. ಮಂಡ್ಯದ ಬ್ಯಾಂಕಿಗೆ ದಿನಾ ರೈಲಿನಲ್ಲಿ ಹೋಗಿ ಬರುವವಳಿಗೆ ಓದಲು ಸಮಯಕ್ಕೇನು ಕೊರತೆ? ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಒಂದು ಕಾರ್ಟ್ರಿಜ್ ಇಷ್ಟವಾಗುತ್ತಿತ್ತು, ಪಾಂಡವಪುರದಲ್ಲಿ ಅದು ಬೇಡವಾಗುತ್ತಿತ್ತು. ಮುಳ್ಳಿನ ಜೊತೆ ತಂತಿಯ ಸುರುಳಿ ಅಲುಗುವ ಮೂವಿಂಗ್ ಕಾಯಿಲ್ ಜಾತಿಯವನ್ನು ಮೊದಲ ದಿನವೇ ಕೈಬಿಟ್ಟೆ. ಅವುಗಳಲ್ಲಿ ಹೆಚ್ಚಿನವು ಕೊಡುವುದು ಅರ್ಧ ಮಿಲಿವೋಲ್ಟಿನ ಆಸುಪಾಸು, ಅದನ್ನು ಎತ್ತಲು ಇನ್ನೊಂದು ಪೆಟ್ಟಿಗೆ ಬೇಕು. ನಮ್ಮ ಆಂಪ್ಲಿಫೈಯರಿನ ಹಿಂದೆ ಇರುವುದು ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಜಾತಿಗೆ ಬೇಕಾದ 47 ಕಿಲೋ ಓಮಿನ ಸಾಮಾನ್ಯ ಫೋನೋ ತೂತು.

ಬಜೆಟ್ಟು ಐದು ಸಾವಿರ, ಎಲ್ಲ ಖರ್ಚೂ ಸೇರಿ. ಹಾಳಾದ ಒಂಬೈನೂರನ್ನು ಅದರಲ್ಲಿ ಸೇರಿಸಲಿಲ್ಲ. ಬ್ಯಾಂಕಿನವಳು, ವಸೂಲಾಗದ ಸಾಲವನ್ನು ಎಲ್ಲಿಡಬೇಕು ಅಂತ ಗೊತ್ತು.

ಎಲ್ಲರೂ ಹೊಗಳುವುದು ಡೆನ್ಮಾರ್ಕಿನ ಆರ್ಟೋಫಾನ್ 2ಎಂ ರೆಡ್ಡನ್ನು. 5.5 ಮಿಲಿವೋಲ್ಟ್, ಮುಳ್ಳು ಪ್ಲೇಟಿನ ಮೇಲೆ ಒತ್ತಬೇಕಾದ ಭಾರ 1.8 ಗ್ರಾಂ, ಅಂಡಾಕಾರದ ತುದಿಯ ಎಲಿಪ್ಟಿಕಲ್ ಮುಳ್ಳು. ಒಳ್ಳೆಯದೇ ಇರಬೇಕು. ಬೆಲೆ ನೋಡಿ ನಮಸ್ಕಾರ ಹಾಕಿದೆ. ಅದರ ನಂತರ ಮನಸ್ಸು ನಿಂತದ್ದು ಆಡಿಯೋ-ಟೆಕ್ನಿಕಾದ ವಿಎಂ95ಇ ಮೇಲೆ. 4 ಮಿಲಿವೋಲ್ಟ್, 2 ಗ್ರಾಂ. ಅದರ ಚಂದವೆಂದರೆ ಒಂದೇ ಮೈಗೆ ಬೇರೆ ಬೇರೆ ಮುಳ್ಳು ಸಿಕ್ಕಿಸಬಹುದು, 78ರ ವೇಗದ ಹಳೇ ಅರಗಿನ ಪ್ಲೇಟಿಗಾಗಿಯೇ ಎಸ್‌ಪಿ ಅಂತ ಒಂದಿದೆ. ನಮ್ಮಲ್ಲಿ ಅರವತ್ತು ಚಿಲ್ಲರೆ ಎಲ್‌ಪಿಗಳ ಜೊತೆಗೆ ಹನ್ನೊಂದು 78ಗಳಿವೆ, ಕಾಳಿಂಗರಾಯರು ಹಾಡಿದ್ದು ಒಂದಿದೆ, ಆದ್ದರಿಂದ ಇದೇ ಸರಿ ಅಂತ ಹೆಚ್ಚುಕಡಿಮೆ ತೀರ್ಮಾನಿಸಿದ್ದೆ. ಆದರೆ ಎರಡೂ ಮುಳ್ಳು ಸೇರಿದರೆ ನನ್ನ ಐದು ಸಾವಿರ ಎಲ್ಲಿಗೂ ಸಾಲದು. ಎಲ್‌ಪಿಯದು ಈಗ, 78ರದು ಯುಗಾದಿಗೆ ಅಂತ ಅಣ್ಣನಿಗೆ ಹೇಳಿದೆ. "ಆಗ್ಲಿ" ಅಂದರು. ಅವರ "ಆಗ್ಲಿ"ಯಲ್ಲಿ ಹತ್ತು ಥರ ಇವೆ. ಇದು ಬೇಡ ಅನ್ನುವ ಥರದ್ದು.

ದುಡ್ಡು ಕಟ್ಟುವ ಮುಂಚೆ ಪ್ಲೇಯರನ್ನು ಒಮ್ಮೆ ಮಂಡಿ ಮೊಹಲ್ಲಾದ ಭಾಯ್ ಹತ್ತಿರ ತೋರಿಸೋಣ ಅನ್ನಿಸಿದ್ದು ನನ್ನ ಪುಣ್ಯ. ನಲವತ್ತು ವರ್ಷದಿಂದ ರೇಡಿಯೋ, ಟೇಪು ರಿಪೇರಿ ಮಾಡಿದ ಕೈ. ನನ್ನ ಮಿಲಿವೋಲ್ಟು, ಮೈಕ್ರಾನು ಎಲ್ಲ ಸಾವಧಾನವಾಗಿ ಕೇಳಿದರು. ಆಮೇಲೆ "ಮೇಡಂ, ನೀವು ಮುಳ್ಳು ನೋಡ್ತಿದೀರಿ, ತೋಳು ನೋಡ್ತಿಲ್ಲ" ಅಂತ ನನ್ನ ಓರೆ ಮುಳ್ಳನ್ನೇ ಹಾಕಿ, ಯಾರೋ ಬಿಟ್ಟುಹೋದ ಕೆಲಸಕ್ಕೆ ಬಾರದ ಪ್ಲೇಟೊಂದನ್ನು ಇಟ್ಟು, ಭಾರವನ್ನು 2 ಗ್ರಾಮಿಗೆ ಇಳಿಸಿ ಕೊನೆಯ ಹಾಡಿನ ಹತ್ತಿರ ಬಿಟ್ಟರು.

ಹಾಡು ಮುಗಿಯಿತು. ತಾನಾಗಿ ಏಳಬೇಕಾದ ತೋಳು ಏಳಲಿಲ್ಲ. ಟಿಕ್, ಟಿಕ್, ಟಿಕ್. ಅಲ್ಲೇ ಸುತ್ತುತ್ತಿತ್ತು.

ಭಾರವನ್ನು 3ಕ್ಕೆ ತಿರುಗಿಸಿ ಮತ್ತೆ ಬಿಟ್ಟರು. ಈ ಸಲ ಹಾಡು ಮುಗಿದದ್ದೇ ಟಕ್ ಅಂತ ತೋಳು ಎದ್ದು ತನ್ನ ಜಾಗಕ್ಕೆ ಹೋಗಿ ಕೂತಿತು.

ಪ್ಲೇಯರನ್ನು ಮಗುಚಿ ತೋರಿಸಿದರು. ಪ್ಲೇಟಿನ ಕೊನೆಗೆ ಬಂದಾಗ ತೋಳಿನ ಬುಡ ಒಂದು ಪುಟ್ಟ ಸನ್ನೆಯನ್ನು ತಳ್ಳಬೇಕು, ಆಗ ಅಡಿಯ ಹಲ್ಲುಚಕ್ರ ಹಿಡಿದುಕೊಂಡು ತೋಳನ್ನು ಎತ್ತುತ್ತದೆ. ಆ ಸನ್ನೆಯನ್ನು ತಳ್ಳುವ ಬಲವೆಲ್ಲ ಬರುವುದು ಗೆರೆಯೊಳಗೆ ಕೂತ ಮುಳ್ಳಿನಿಂದಲೇ. ಹಗುರಾಗಿ ಕೂತ, ಮೆತ್ತನೆ ರಬ್ಬರಿನ ಮೇಲೆ ನಿಂತ ಮುಳ್ಳಿಗೆ ಅಷ್ಟು ತಾಕತ್ತಿರುವುದಿಲ್ಲ. ಐವತ್ತು ವರ್ಷದ ಗ್ರೀಸು ಬೇರೆ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದರು. ಆಮೇಲೆ 2 ಗ್ರಾಮಿಗೂ ಒಮ್ಮೊಮ್ಮೆ ಎದ್ದಿತು, ಒಮ್ಮೊಮ್ಮೆ ಇಲ್ಲ. ಮಧ್ಯಾಹ್ನ ಪ್ಲೇಟು ಹಾಕಿ ಕುರ್ಚಿಯಲ್ಲೇ ನಿದ್ದೆ ಹೋಗುವ 79 ವರ್ಷದವರ ಮನೆಯಲ್ಲಿ "ಒಮ್ಮೊಮ್ಮೆ" ನಡೆಯಲ್ಲ.

ಇನ್ನೊಂದು ಮಾತೂ ಇದೆ, ರೈಲಿನಲ್ಲಿ ಓದಿದ್ದೆ, ಅರ್ಥವಾದದ್ದು ಭಾಯ್ ಅಂಗಡಿಯಲ್ಲಿ. ಮುಳ್ಳಿನ ರಬ್ಬರ್ ಒಂದು ಸ್ಪ್ರಿಂಗು, ತೋಳು ಅದರ ಮೇಲಿನ ಹೊರೆ. ತೋಳು ಭಾರವಾಗಿ ಸ್ಪ್ರಿಂಗು ತೀರಾ ಮೆತ್ತಗಿದ್ದರೆ ಇಡೀ ಜೋಡಿ ನಿಧಾನಕ್ಕೆ ತೂಗಾಡತೊಡಗುತ್ತದೆ, ಸೊಟ್ಟಗಾದ ಪ್ಲೇಟು ಹಾಕಿದರಂತೂ ಇನ್ನೂ ಜಾಸ್ತಿ. ಆ ತೂಗಾಟ ಸೆಕೆಂಡಿಗೆ 8ರಿಂದ 12 ಸಲದ ನಡುವೆ ಇರಲಿ ಅನ್ನುತ್ತಾರೆ, ಅದಕ್ಕಿಂತ ಕೆಳಗಾದರೆ ಸೊಟ್ಟ ಪ್ಲೇಟಿನ ಏರಿಳಿತ, ಮೇಲಾದರೆ ಹಾಡಿನ ಮಂದ್ರ ಅದನ್ನು ಕೆಣಕುತ್ತದೆ.

ಹೀಗೆ ಕೊನೆಗೆ ಗೆದ್ದದ್ದು ನಾನು ಪಟ್ಟಿಯಿಂದ ಮೊದಲೇ ಹೊಡೆದುಹಾಕಿದ್ದ ಬಡಪಾಯಿ, ಆಡಿಯೋ-ಟೆಕ್ನಿಕಾ ಎಟಿ-3600ಎಲ್. ಅಗ್ಗದ ಹೊಸ ಪ್ಲೇಯರುಗಳಲ್ಲಿ ಕಾರ್ಖಾನೆಯಿಂದಲೇ ಕೂತು ಬರುವಂಥದ್ದು, ಅದಕ್ಕೇ ಅದರ ಬಗ್ಗೆ ಅಸಡ್ಡೆ. ಗೋಲ ತುದಿಯ ಕೋನಿಕಲ್ ಮುಳ್ಳು, ತುದಿಯ ತ್ರಿಜ್ಯ 0.6 ಮಿಲ್ (ಇಂಚಿನ ಸಾವಿರದ ಒಂದು ಭಾಗ ಒಂದು ಮಿಲ್), ಅಂದರೆ ಸುಮಾರು 15 ಮೈಕ್ರಾನು. ಇದಕ್ಕೆ ಬೇಕಾದ ಭಾರ 2.5ರಿಂದ 3.5 ಗ್ರಾಂ. ನಮ್ಮ ಗ್ಯಾರಾರ್ಡಿನ ತೋಳಿಗೆ ಹೇಳಿ ಮಾಡಿಸಿದ್ದು. 78ಕ್ಕೆ ಬೇಕಾದ 3 ಮಿಲ್ಲಿನ ದಪ್ಪ ಮುಳ್ಳು ಬೇರೆಯವರು ಮಾಡಿದ್ದು ಇದಕ್ಕೂ ಸಿಗುತ್ತದೆ, ಅಗ್ಗಕ್ಕೆ. ಕಾರ್ಟ್ರಿಜ್ 2,400, 78ರ ಮುಳ್ಳು 1,300, ಪುಟ್ಟ ಡಿಜಿಟಲ್ ತಕ್ಕಡಿ 650, ಭಾಯ್ ಕೂಲಿ 400. ಒಟ್ಟು 4,750.

ನಲವತ್ತರ ದಶಕದಲ್ಲಿ ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತಗಾರ ಮೆಡ್ಟ್ನರ್ ಕೃತಿಗಳನ್ನು ಎಚ್‌ಎಂವಿ ಪ್ಲೇಟುಗಳಲ್ಲಿ ಹಿಡಿದಿಡಲು ದುಡ್ಡು ಕೊಟ್ಟದ್ದು ನಮ್ಮ ಜಯಚಾಮರಾಜ ಒಡೆಯರು, ಆತ ತನ್ನ ಮೂರನೇ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಅದೇ ಮೈಸೂರಿನಲ್ಲಿ ಕೂತು ನಾನು ಇನ್ನೂರೈವತ್ತು ರೂಪಾಯಿ ಉಳಿಸಿದೆನೆಂದು ಬೀಗುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಊಟದ ಮೇಜಿನ ಒಂದು ತುದಿಯಲ್ಲಿ ಅಮ್ಮ ಹಿತಕಿದ ಬೇಳೆಗೆ ನೆನೆದ ಅವರೆಕಾಳು ಹಿತುಕುತ್ತಿದ್ದಳು, ಇನ್ನೊಂದು ತುದಿಯಲ್ಲಿ ನಾನು. ಕಾರ್ಟ್ರಿಜ್‌ನ ಬೆನ್ನಿಗೆ ನಾಲ್ಕು ಕಡ್ಡಿ, ನಾಲ್ಕು ಕೂದಲಿನಂಥ ತಂತಿ. ಬಿಳಿ ಎಡದ್ದು, ನೀಲಿ ಅದರ ಜೋಡಿ. ಕೆಂಪು ಬಲದ್ದು, ಹಸಿರು ಅದರ ಜೋಡಿ. ತಂತಿ ಹಿಡಿದು ಎಳೆಯಬಾರದು, ತುದಿಯ ಲೋಹದ ಕ್ಲಿಪ್ಪನ್ನೇ ಚಿಮಟದಲ್ಲಿ ಹಿಡಿಯಬೇಕು. ಹಸಿರಿನದು ಸಡಿಲವಾಗಿತ್ತು. ಕ್ಲಿಪ್ಪಿನ ಬಾಯಿಗೆ ಹಲ್ಲುಕಡ್ಡಿಯ ಚೂಪು ತುದಿ ಇಟ್ಟು ಸುತ್ತಲೂ ಮೆಲ್ಲಗೆ ಅದುಮಿದ ಮೇಲೆ ಕಚ್ಚಿಕೊಂಡಿತು. ಅಷ್ಟು ಹೊತ್ತು ನಾನು ಉಸಿರು ಬಿಟ್ಟಿರಲಿಲ್ಲ. ಒಂದು ಅವರೆಕಾಳು ಸಿಪ್ಪೆಯಿಂದ ಪಿಚಕ್ಕನೆ ಹಾರಿ ಪ್ಲೇಯರಿನ ಮೇಲೆ ಬಿತ್ತು. ಅಮ್ಮ "ಅದಕ್ಕೂ ಊಟ" ಅಂದಳು.

ಮುಳ್ಳು ಗೆರೆಗೆ ನೇರವಾಗಿದೆಯೇ ಅಂತ ನೋಡಲು ಒಂದು ಕಾಗದದ ಅಳತೆಪಟ್ಟಿ ಬರುತ್ತದೆ, ನಡುಗೂಟದಿಂದ 66 ಮತ್ತು 120.9 ಮಿಲಿಮೀಟರಿನಲ್ಲಿ ಎರಡು ಚುಕ್ಕೆ. ಎರಡೂ ಕಡೆ ಕಾರ್ಟ್ರಿಜ್ ಗೀಟಿಗೆ ಸರಿಯಾಗಿ ಕೂರಬೇಕು. ಮುಕ್ಕಾಲು ಗಂಟೆ ಹೆಣಗಾಡಿದೆ, ಒಂದು ಕಡೆ ಕೂತರೆ ಇನ್ನೊಂದು ಕಡೆ ಇಲ್ಲ. ಅಣ್ಣ ಬಂದು ಏನೂ ಹೇಳದೆ ತಮ್ಮ ಸ್ಟೀಲ್ ಸ್ಕೇಲು ತಂದು ಕಾಗದದ ಮೇಲಿಟ್ಟರು. 120.9 ಇರಬೇಕಾದದ್ದು 117. ಜೆರಾಕ್ಸ್ ಅಂಗಡಿಯ ಹುಡುಗ ಹಾಳೆಗೆ ಹೊಂದುವಂತೆ ಕುಗ್ಗಿಸಿ ಪ್ರಿಂಟ್ ಹೊಡೆದಿದ್ದ. ಮಗ ಸೈಕಲ್ ಹತ್ತಿ ಹೋಗಿ ಹೊಸದು ಹೊಡೆಸಿಕೊಂಡು ಬಂದ.

ಭಾರ ತೂಗುವಾಗ ತಕ್ಕಡಿಯೇ ಸುಳ್ಳು ಹೇಳಿದರೆ? 2019ರ ಸರಣಿಯ ಹೊಸ ಒಂದು ರೂಪಾಯಿ ನಾಣ್ಯದ ತೂಕ 3.09 ಗ್ರಾಂ. ಪರ್ಸಿನಿಂದ ಒಂದನ್ನು ತೆಗೆದಿಟ್ಟೆ, 3.08 ತೋರಿಸಿತು. ಪರವಾಗಿಲ್ಲ. ಆಮೇಲೆ ಮುಳ್ಳನ್ನು ಇಳಿಸಿದರೆ, ತೋಳಿನ ಮೇಲಿನ ಗುರುತು 3 ಅನ್ನುತ್ತಿದ್ದಾಗ ತಕ್ಕಡಿಯಲ್ಲಿ 3.6! ಅಂದರೆ ಇಷ್ಟು ವರ್ಷ ಆ ಶ್ಯೂರ್ ಪಾಪ ಎಷ್ಟು ಹೊತ್ತಿತ್ತೋ. ತಿರುಗಿಸಿ ತಿರುಗಿಸಿ 3.0ಕ್ಕೆ ತಂದೆ.

ಮೊದಲು ಹಾಕಿದ್ದು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಮೀಟು ಬಿದ್ದ ಮೇಲೆ ತಂತಿ ಕರಗುತ್ತಾ ಹೋಗುತ್ತದಲ್ಲ, ಆ ಬಾಲ ಪೂರ್ತಿ ಕೇಳಿತು. ಅಣ್ಣ ಕನ್ನಡಕ ತೆಗೆದು ಜೇಬಿಗಿಟ್ಟರು. ನಿಜ ಹೇಳಬೇಕು: ಬದಿಯ ಕೊನೆಯ ಹಾಡಿಗೆ ಬಂದಾಗ, ಗೆರೆಗಳು ಒಳಗೆ ಇಕ್ಕಟ್ಟಾಗುವಲ್ಲಿ, ಹಾಡುಗಾರಿಕೆಯ ಎಲ್‌ಪಿಗಳಲ್ಲಿ 'ಸ', 'ಶ' ಸ್ವಲ್ಪ ತರಕಲು. ಗೋಲ ಮುಳ್ಳು ಆ ಇಕ್ಕಟ್ಟಿನೊಳಗೆ ಪೂರ್ತಿ ಇಳಿಯಲಾರದು, ಎಲಿಪ್ಟಿಕಲ್ ಆಗಿದ್ದರೆ ವಾಸಿ ಇರುತ್ತಿತ್ತು. ಅಣ್ಣನಿಗೆ ಗೊತ್ತಾಗಲಿಲ್ಲ, ಅವರ ಕಿವಿಗೆ ಆ ತಾರದ ಸದ್ದುಗಳು ಈಗ ತಲುಪುವುದಿಲ್ಲ. ನನಗೆ ಗೊತ್ತಾಯಿತು, ಸುಮ್ಮನಿದ್ದೆ.

ಕೋನಿಕಲ್ ಮುಳ್ಳಿಗೆ 500 ಗಂಟೆ, ಎಲಿಪ್ಟಿಕಲ್‌ಗೆ 300 ಅಂತ ಆಡಿಯೋ-ಟೆಕ್ನಿಕಾದವರು ಆಯುಸ್ಸು ಕಟ್ಟುತ್ತಾರೆ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆ ಅಂತ ಹಿಡಿದರೆ ಒಂಬತ್ತೂವರೆ ವರ್ಷ. ಅಣ್ಣನ ವಯಸ್ಸಿಗೆ ಅದನ್ನು ಕೂಡಲು ಹೋದವಳು ನಿಲ್ಲಿಸಿ ಎದ್ದುಹೋದೆ.

ಹಾಡು ಮುಗಿದು ತೋಳು ಟಕ್ ಅಂತ ಎದ್ದಾಗ ಅಣ್ಣ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.

78ರ ಮುಳ್ಳು ಬುಧವಾರ ಬರುತ್ತದಂತೆ. ಅಲ್ಲಿಯವರೆಗೆ ಕಾಳಿಂಗರಾಯರನ್ನು ಇದರಲ್ಲಿ ಒಮ್ಮೆ ಹಾಕಿ ನೋಡೋಣವೇ ಅಂತ ಕೇಳಿದ್ದಕ್ಕೆ ಎಚ್ಚರವಾದ ಅಣ್ಣ ಗದರಿದರು: "ಸಣ್ಣ ಮುಳ್ಳು ಆ ಅಗಲ ಗೆರೆ ತಳಕ್ಕೆ ಹೋಗಿ ಕಸ ಕೆರೆಯುತ್ತೆ, ಬೇಡ." ಎರಡೂವರೆ ತಿಂಗಳಲ್ಲಿ ಇದೇ ಮೊದಲ ಗದರು. ಅರಗಿನ ಪ್ಲೇಟಿಗೆ ಸ್ಪಿರಿಟ್ ತಾಗಿಸಬಾರದು, ಕರಗುತ್ತದೆ ಅಂತ ಹೇಳಿಕೊಡುತ್ತಾ ಹನ್ನೊಂದನ್ನೂ ಬರೀ ನೀರು, ಒಂದೆರಡು ಹನಿ ಸೋಪಿನಲ್ಲಿ, ನಡುವಿನ ಕಾಗದ ನೆನೆಯದ ಹಾಗೆ ತೊಳೆದರು. ಈಗ ಅವೆಲ್ಲ ಅಡಿಗೆಮನೆಯ ಪಾತ್ರೆ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತು ಒಣಗುತ್ತಿವೆ. ರಾತ್ರಿಯ ಊಟದ ತಟ್ಟೆ ಎಲ್ಲಿ ಇಡಲಿ ಅಂತ ಅಮ್ಮ ಒಳಗಿನಿಂದ ಕೂಗುತ್ತಿದ್ದಾಳೆ.