ಅಮೆರಿಕದ ಕನ್ಸರ್ವೇಟಿವ್ ಅಂದ್ರೆ ನಮ್ಮ ಸಂಪ್ರದಾಯಸ್ಥರಾ?

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಊಟಕ್ಕೆ ಕೂತಾಗ ಮಾವ ಕೇಳುತ್ತಾರೆ, ಮದುವೆ ಮನೆಯಲ್ಲಿ ಹಳೆಯ ಗೆಳೆಯರು ಕೇಳುತ್ತಾರೆ. “ಅಲ್ಲಿ ಕನ್ಸರ್ವೇಟಿವ್, ಲಿಬರಲ್ ಅಂತಾರಲ್ಲ, ಹಾಗಂದ್ರೆ ಏನು? ರಿಪಬ್ಲಿಕನ್ನರು ನಮ್ಮ ಬಿಜೆಪಿ ತರ, ಡೆಮಾಕ್ರಟರು ಕಾಂಗ್ರೆಸ್ ತರ, ಅಲ್ವಾ?” ನಾನಿರುವುದು ನಾರ್ತ್ ಕೆರೊಲಿನಾ ರಾಜ್ಯದಲ್ಲಿ, ರಾಲಿ ನಗರದ ಹತ್ತಿರ. ಹತ್ತು ವರ್ಷಕ್ಕೂ ಜಾಸ್ತಿ ಎರಡೂ ಕಡೆಯವರ ನಡುವೆ ಬದುಕಿದ್ದೇನೆ. ಒಂದು ಸಲ ಕೂತು ಸರಿಯಾಗಿ ಉತ್ತರ ಬರೆಯೋಣ ಅನ್ನಿಸಿತು.

ಮೊದಲ ತೊಡಕು ನಾವು ಬಳಸುವ ಪದಗಳಲ್ಲೇ ಇದೆ. ನಮ್ಮ ಪತ್ರಿಕೆಗಳು ಕನ್ಸರ್ವೇಟಿವ್‌ಗೆ ‘ಸಂಪ್ರದಾಯವಾದಿ’ ಅಂತ ಬರೆಯುತ್ತವೆ, ಲಿಬರಲ್‌ಗೆ ‘ಉದಾರವಾದಿ’ ಅಂತ. ಓದಿದ ಕೂಡಲೇ ಒಬ್ಬರು ಮಡಿ ಉಟ್ಟ ಅಜ್ಜನ ಹಾಗೆ, ಇನ್ನೊಬ್ಬರು ಧಾರಾಳ ಮನಸ್ಸಿನವರ ಹಾಗೆ ಕಾಣುತ್ತಾರೆ. ಆದರೆ ಅಮೆರಿಕದ ಕನ್ಸರ್ವೇಟಿವ್‌ಗಳು ಕಾಪಾಡಿಕೊಳ್ಳಬೇಕು ಅನ್ನುವುದರಲ್ಲಿ ದೊಡ್ಡ ಪಾಲು 1787ರಲ್ಲಿ ಬರೆದ ಸಂವಿಧಾನ. ರಾಜ ಬೇಡ, ಸರ್ಕಾರಕ್ಕೆ ಕಡಿವಾಣ ಇರಲಿ, ಅವರವರ ದುಡಿಮೆ ಅವರವರಿಗೆ. ಯುರೋಪಿನಲ್ಲಿ ಇಂಥ ವಿಚಾರಕ್ಕೇ ಲಿಬರಲ್ ಅನ್ನುವ ಹೆಸರು ಬಂದದ್ದು!

ನಾನು ಕಂಡ ಮಟ್ಟಿಗೆ ಇಲ್ಲಿನ ಜಗಳದ ಬೇರು ಒಂದು ಪ್ರಶ್ನೆಯಲ್ಲಿದೆ. ಇದು ಯಾರ ಕೆಲಸ? ಹಸಿದವರಿಗೆ ಊಟ, ಕಾಯಿಲೆಯವರಿಗೆ ಔಷಧಿ, ಮಕ್ಕಳಿಗೆ ಪಾಠ, ಇವೆಲ್ಲ ಯಾರ ಹೊಣೆ? ಮೊದಲು ಮನೆಯವರು, ಆಮೇಲೆ ಚರ್ಚು ಮತ್ತು ಊರು, ಆಮೇಲೆ ರಾಜ್ಯ, ಬೇರೆ ದಾರಿಯೇ ಇಲ್ಲದಿದ್ದರೆ ವಾಷಿಂಗ್ಟನ್, ಅಂದರೆ ಕೇಂದ್ರ ಸರ್ಕಾರ, ಅನ್ನುತ್ತಾರೆ ಕನ್ಸರ್ವೇಟಿವ್‌ಗಳು. ಊರನ್ನೇ ನಂಬಿಕೊಂಡರೆ ಕೆಲವರಿಗೆ ಬಾಗಿಲೇ ತೆರೆಯುವುದಿಲ್ಲ ಅನ್ನುತ್ತಾರೆ ಲಿಬರಲ್‌ಗಳು. ಅವರ ಮಾತಿಗೂ ಇತಿಹಾಸವಿದೆ. 1933ರಲ್ಲಿ ಈ ದೇಶದ ದುಡಿಯುವವರಲ್ಲಿ ನಾಲ್ವರಿಗೆ ಒಬ್ಬರಂತೆ ಕೆಲಸ ಕಳೆದುಕೊಂಡಿದ್ದರು. ಅಷ್ಟು ಜನರನ್ನು ಸಾಕುವುದು ಯಾವ ಚರ್ಚಿನ ಕೈಲೂ ಆಗಲಿಲ್ಲ. ಆಗಿನ ಅಧ್ಯಕ್ಷ, ಡೆಮಾಕ್ರಟ್ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರಲ್ಲಿ ವಯಸ್ಸಾದವರ ಪಿಂಚಣಿಗೆ ಸೋಷಿಯಲ್ ಸೆಕ್ಯುರಿಟಿ ಕಾನೂನು ತಂದರು. ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. 1960ರಲ್ಲಿ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಇದ್ದ ಹೋಟೆಲ್ ಕೌಂಟರಿನಲ್ಲಿ ಕೂತು, ಬಡಿಸಲಿಲ್ಲ ಅಂದರೂ ಏಳಲಿಲ್ಲ. ಇಂಥ ಭೇದವನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಲ್ಲಿಸಿದ್ದು ವಾಷಿಂಗ್ಟನ್ನಿನ 1964ರ ಕಾನೂನು.

ಎರಡೂ ಕಡೆಯವರ ಬಾಯಲ್ಲಿ ಇರುವುದು ಸ್ವಾತಂತ್ರ್ಯದ ಮಾತೇ. 1941ರ ಭಾಷಣದಲ್ಲಿ ರೂಸ್‌ವೆಲ್ಟ್ ಕೊರತೆಯಿಂದ ಬಿಡುಗಡೆ, ಭಯದಿಂದ ಬಿಡುಗಡೆ ಇವನ್ನೂ ಸ್ವಾತಂತ್ರ್ಯದ ಪಟ್ಟಿಗೆ ಸೇರಿಸಿದರು. 1981ರಲ್ಲಿ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಕನ್ಸರ್ವೇಟಿವ್ ನಾಯಕ ರೊನಾಲ್ಡ್ ರೇಗನ್, ಈಗಿನ ಬಿಕ್ಕಟ್ಟಿಗೆ ಸರ್ಕಾರ ಪರಿಹಾರವಲ್ಲ, ಸರ್ಕಾರವೇ ಸಮಸ್ಯೆ ಅಂದರು.

ಇದು ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ ಮೆಡಿಕೇಡ್ ಕಥೆ ಹೇಳುತ್ತೇನೆ. ಮೆಡಿಕೇಡ್ ಅಂದರೆ ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಕೇಂದ್ರ ಮತ್ತು ರಾಜ್ಯ ಸೇರಿ ಖರ್ಚು ಹಂಚಿಕೊಳ್ಳುತ್ತವೆ. ಇಲ್ಲಿ ಮೊದಲು ಮಕ್ಕಳಿಲ್ಲದ, ಅಂಗವೈಕಲ್ಯವೂ ಇಲ್ಲದ ಒಬ್ಬ ಬಡ ಕೂಲಿಕಾರನಿಗೆ ಅದು ಸಿಗುತ್ತಲೇ ಇರಲಿಲ್ಲ, ಎಷ್ಟೇ ಬಡವನಾಗಿದ್ದರೂ. 2010ರಲ್ಲಿ ಒಬಾಮಾ ತಂದ ಕಾನೂನು ಇಂಥವರನ್ನೂ ಸೇರಿಸಿತು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್, ಸೇರಿಸುವುದು ಬಿಡುವುದು ಆಯಾ ರಾಜ್ಯಗಳ ಇಷ್ಟ ಅಂತ ತೀರ್ಪು ಕೊಟ್ಟಿತು. ಮರುವರ್ಷವೇ ನಾರ್ತ್ ಕೆರೊಲಿನಾದ ರಿಪಬ್ಲಿಕನ್ ಶಾಸಕರು, ಅಂದರೆ ಈಗ ಹೆಚ್ಚಿನ ಕನ್ಸರ್ವೇಟಿವ್‌ಗಳಿರುವ ಪಕ್ಷದವರು, ನಮಗೆ ಬೇಡ ಅಂದರು. ಹೊಸ ಫಲಾನುಭವಿಗಳ ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 90 ಡಾಲರ್ ಕೇಂದ್ರವೇ ಕೊಡುತ್ತದೆ ಅಂದರೂ ಬೇಡ ಅಂದರು!

ನನಗೆ ಇದು ಎಷ್ಟೋ ದಿನ ಅರ್ಥವೇ ಆಗಲಿಲ್ಲ. ಬಂದ ಹಣ ಯಾರಾದರೂ ಬಿಡುತ್ತಾರಾ? ನಮ್ಮ ಬೀದಿಯ ಹಿರಿಯರೊಬ್ಬರು ಬಿಡಿಸಿ ಹೇಳಿದರು. ಇವತ್ತು 90 ಕೊಡುವ ವಾಷಿಂಗ್ಟನ್ ನಾಳೆ 60ಕ್ಕೆ ಇಳಿಸಿದರೆ? ಜನ ಅಷ್ಟರಲ್ಲಿ ಅದನ್ನೇ ನಂಬಿಕೊಂಡಿರುತ್ತಾರೆ, ಹೊರೆ ರಾಜ್ಯದ ತಲೆ ಮೇಲೆ ಬೀಳುತ್ತದೆ. ಆ 90 ಡಾಲರ್ ಕೂಡ ನಮ್ಮದೇ ತೆರಿಗೆ ಅಥವಾ ಮೊಮ್ಮಕ್ಕಳ ಸಾಲ ತಾನೇ, ಅಂದರು. ಅವರದು ಕಲ್ಲು ಮನಸ್ಸಲ್ಲ. ಪ್ರತಿ ಶನಿವಾರ ಚರ್ಚಿನಲ್ಲಿ ದಿನಸಿ ಹಂಚುವುದಕ್ಕೆ ಹೋಗುತ್ತಾರೆ.

ಆದರೂ ಈ ವಿಷಯದಲ್ಲಿ ನಾನು ಲಿಬರಲ್ ಕಡೆಯೇ. ಚರ್ಚು ಅಕ್ಕಿ ಬೇಳೆ ಕೊಡಬಹುದು, ಕ್ಯಾನ್ಸರಿನ ಚಿಕಿತ್ಸೆ ಕೊಡಿಸಲಾರದು. ಬೇಡ ಅಂದ ವರ್ಷಗಳಲ್ಲಿ ಹಳ್ಳಿ ಕಡೆಯ ಆಸ್ಪತ್ರೆಗಳು ಸೊರಗಿದವು. ಹಣ ಕೊಡಲಾಗದ ರೋಗಿಗಳು ಜಾಸ್ತಿಯಾದರೆ ಸಣ್ಣ ಆಸ್ಪತ್ರೆ ಎಷ್ಟು ದಿನ ತಡೆದೀತು? ಕೊನೆಗೆ ಬದಲಾದವರು ಕನ್ಸರ್ವೇಟಿವ್‌ಗಳೇ. ರಾಜ್ಯ ಸೆನೆಟ್ಟಿನ ರಿಪಬ್ಲಿಕನ್ ನಾಯಕ ಫಿಲ್ ಬರ್ಗರ್ ವರ್ಷಗಟ್ಟಲೆ ಇದನ್ನು ವಿರೋಧಿಸಿದವರು. 2022ರಲ್ಲಿ ಬಹಿರಂಗವಾಗಿ ನಿಲುವು ಬದಲಿಸಿದರು. 2023ರ ಮಾರ್ಚಿನಲ್ಲಿ ಡೆಮಾಕ್ರಟಿಕ್ ಗವರ್ನರ್ (ಇಲ್ಲಿ ಗವರ್ನರ್ ಅಂದರೆ ಜನರೇ ಆರಿಸುವ, ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ರಾಯ್ ಕೂಪರ್ ಸಹಿ ಹಾಕಿದರು, ಡಿಸೆಂಬರ್ 1ಕ್ಕೆ ಯೋಜನೆ ಶುರುವಾಯಿತು. ಒಂದು ವರ್ಷದಲ್ಲೇ ಆರು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಆದರೆ ಕೇಂದ್ರದ ಪಾಲು 90ಕ್ಕಿಂತ ಇಳಿದರೆ ಯೋಜನೆ ನಿಲ್ಲುತ್ತದೆ ಅಂತ ಶಾಸಕರು ಕಾನೂನಿನಲ್ಲೇ ಬರೆದುಕೊಂಡಿದ್ದಾರೆ. ನಮ್ಮ ಬೀದಿಯ ಹಿರಿಯರ ಅನುಮಾನ ಆ ಒಂದು ಸಾಲಿನಲ್ಲಿ ಹಾಗೇ ಕೂತಿದೆ. ರಾಜ್ಯದ ಪೂರ್ವ ಭಾಗದ ವಿಲಿಯಮ್‌ಸ್ಟನ್ ಊರಿನ ಆಸ್ಪತ್ರೆ ಮಾತ್ರ ಅದೇ ವರ್ಷ ಆಗಸ್ಟಿನಲ್ಲಿ ಮುಚ್ಚಿತು. ಯೋಜನೆ ಶುರುವಾಗುವುದಕ್ಕೆ ಇನ್ನು ನಾಲ್ಕು ತಿಂಗಳಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ನಮ್ಮ ಪಶ್ಚಿಮದ ಬೆಟ್ಟಗಳಿಗೆ ಅಪ್ಪಳಿಸಿತು. ಈ ರಾಜ್ಯವೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ಆಶ್‌ವಿಲ್ ನಗರಕ್ಕೆ ಕುಡಿಯುವ ನೀರು ಮತ್ತೆ ಬರಲು ಏಳು ವಾರ ದಾಟಿತು. ಚರ್ಚಿನವರು ಅಡುಗೆ ಪಾತ್ರೆ, ಮರ ಕಡಿಯುವ ಗರಗಸ ಹೊತ್ತು ಹೊರಟೇಬಿಟ್ಟರು, ಯಾರ ಅಪ್ಪಣೆಗೂ ಕಾಯಲಿಲ್ಲ. ಅದನ್ನು ನೋಡಿ ಕನ್ಸರ್ವೇಟಿವ್‌ಗಳ ಮೇಲೆ ನನಗೆ ಗೌರವ ಹೆಚ್ಚಾಯಿತು. ಆದರೆ ನದಿ ಕೊಚ್ಚಿಕೊಂಡು ಹೋದ ಇಂಟರ್‌ಸ್ಟೇಟ್ 40 ಹೆದ್ದಾರಿಯನ್ನು ಮತ್ತೆ ಕಟ್ಟಲು ಕೇಂದ್ರದ ದುಡ್ಡೇ ಬೇಕು.

ಹಾಗಾದರೆ ಕನ್ಸರ್ವೇಟಿವ್‌ಗಳಿಗೆ ಯಾವಾಗಲೂ ಸಣ್ಣ ಸರ್ಕಾರ ಬೇಕಾ? ಇಲ್ಲ. ಗರ್ಭಪಾತದ ವಿಷಯದಲ್ಲಿ ಎಲ್ಲ ತಿರುಗುಮುರುಗು. ಹೊಟ್ಟೆಯಲ್ಲಿರುವುದೂ ಒಂದು ಜೀವ, ಜೀವ ಕಾಪಾಡುವುದು ಸರ್ಕಾರದ ಮೊದಲ ಕೆಲಸ ಅನ್ನುತ್ತಾರೆ ಅವರು. ಅದು ಹೆಣ್ಣಿನ ದೇಹ, ಸರ್ಕಾರ ದೂರ ಇರಲಿ ಅನ್ನುತ್ತಾರೆ ಲಿಬರಲ್‌ಗಳು. ಬಂದೂಕಿನ ವಿಷಯಕ್ಕೆ ಬಂದರೆ ಮತ್ತೆ ಮೊದಲಿನ ಹಾಗೆ: ಸರ್ಕಾರ ಕೈ ಹಾಕಬಾರದು ಅನ್ನುವವರು ಕನ್ಸರ್ವೇಟಿವ್‌ಗಳು, ಕಡಿವಾಣ ಬೇಕು ಅನ್ನುವವರು ಲಿಬರಲ್‌ಗಳು.

ಇನ್ನು ಪಕ್ಷ ಬೇರೆ, ವಿಚಾರ ಬೇರೆ. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್ ರಿಪಬ್ಲಿಕನ್. ದಕ್ಷಿಣದ ಕನ್ಸರ್ವೇಟಿವ್‌ಗಳು ಬಹುಕಾಲ ಡೆಮಾಕ್ರಟರಾಗಿದ್ದರು. ಕಪ್ಪು ಬಿಳಿ ಭೇದ ನಿಲ್ಲಿಸಿದ 1964ರ ಕಾನೂನಿನ ನಂತರ ನಿಧಾನವಾಗಿ ಪಕ್ಷ ಬದಲಿಸಿದರು. ನಮ್ಮ ರಾಜ್ಯದ ಜೆಸ್ಸಿ ಹೆಲ್ಮ್ಸ್ 1970ರಲ್ಲಿ ರಿಪಬ್ಲಿಕನ್ ಆಗಿ, 30 ವರ್ಷ ಸೆನೆಟರ್ ಆಗಿದ್ದರು.

ಈಗ ಮಾವನ ಪ್ರಶ್ನೆಗೆ ಬರೋಣ. ಬಿಜೆಪಿ, ಕಾಂಗ್ರೆಸ್ ಲೆಕ್ಕ ಇಲ್ಲಿ ಕೂಡುವುದಿಲ್ಲ. ಕರ್ನಾಟಕದ 2023ರ ಚುನಾವಣೆ ನೆನಪಿದೆಯಲ್ಲ? ಕಾಂಗ್ರೆಸ್ ಐದು ಗ್ಯಾರಂಟಿ ಕೊಟ್ಟಿತು. ಬಿಜೆಪಿ ಬಡವರಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಅಂದಿತು. ಯಾವುದು ಕೊಡಬೇಕು, ಎಷ್ಟು ಕೊಡಬೇಕು ಅಂತ ಪೈಪೋಟಿ ನಡೆಯಿತು. ಕೊಡುವುದು ಸರ್ಕಾರದ ಕೆಲಸವೇ ಅಲ್ಲ ಅಂತ ಹೇಳಿ ಮತ ಕೇಳುವ ದೊಡ್ಡ ಪಕ್ಷ ನಮ್ಮಲ್ಲಿಲ್ಲ. ಇಲ್ಲಿ ಇದೆ. ಧರ್ಮದ ವಿಷಯದಲ್ಲಿ ಒಂದಿಷ್ಟು ಹೋಲಿಕೆ ಕಾಣಬಹುದು, ಅಷ್ಟೇ.

“ನಮ್ಮವರಿಗೆ ಯಾರು ಒಳ್ಳೆಯವರು?” ಅಂತಲೂ ಕೇಳುತ್ತಾರೆ. ನಮಗೆಲ್ಲ ಬಾಗಿಲು ತೆರೆದ 1965ರ ವಲಸೆ ಕಾನೂನಿಗೆ ಸಹಿ ಹಾಕಿದ್ದು ಡೆಮಾಕ್ರಟ್ ಲಿಂಡನ್ ಜಾನ್ಸನ್. ಎಚ್-1ಬಿ ವೀಸಾ ತಂದ 1990ರ ಕಾನೂನಿಗೆ ಸಹಿ ಹಾಕಿದ್ದು ರಿಪಬ್ಲಿಕನ್ ಜಾರ್ಜ್ ಬುಷ್, ಅಂದರೆ ದೊಡ್ಡ ಬುಷ್. ಸುಮ್ನೆ ಪಕ್ಷದ ಹೆಸರು ನೋಡಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ.

ಜನರೂ ಒಂದೇ ಗೂಟಕ್ಕೆ ಕಟ್ಟಿಕೊಂಡವರಲ್ಲ. 2024ರಲ್ಲಿ ಇದೇ ರಾಜ್ಯ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರನ್ನು ಗೆಲ್ಲಿಸಿತು. ಅದೇ ದಿನ, ಅದೇ ಮತಪತ್ರದಲ್ಲಿ, ಡೆಮಾಕ್ರಟ್ ಜಾಶ್ ಸ್ಟೈನ್ ಅವರನ್ನು ನೂರಕ್ಕೆ ಸುಮಾರು 55 ಮತ ಕೊಟ್ಟು ಗವರ್ನರ್ ಮಾಡಿತು.

ಮೆಡಿಕೇಡ್ ಜಗಳವೂ ಮುಗಿದಿಲ್ಲ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನ ಪ್ರಕಾರ, ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರು ತಿಂಗಳಿಗೆ 80 ಗಂಟೆ ದುಡಿಯಬೇಕು, ಇಲ್ಲವೇ ಓದು ಅಥವಾ ಸಮಾಜ ಸೇವೆಯಲ್ಲಿ ಇರಬೇಕು. ಅದಕ್ಕೆ ದಾಖಲೆಯೂ ಬೇಕು. ಗಟ್ಟಿಮುಟ್ಟಾಗಿದ್ದವರು ದುಡಿಯಲಿ, ಅದರಲ್ಲೇನು ತಪ್ಪು ಅನ್ನುತ್ತಾರೆ ನಮ್ಮ ಬೀದಿಯ ಹಿರಿಯರು. ದುಡಿಯುವವನೇ ಕಾಗದ ಪತ್ರ ತುಂಬಲಾಗದೆ ವಿಮೆ ಕಳೆದುಕೊಂಡರೆ ಏನು ಮಾಡುವುದು ಅಂತ ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಥವರ ಅರ್ಜಿ ತುಂಬಿಕೊಡಲು ಚರ್ಚಿನಲ್ಲಿ ಒಂದು ಮೇಜು ಹಾಕಬಹುದು ಅಂದರು.