ಶೇಂಗಾ ಬೀಜ ತಾನೇ ಮಾಡಿಕೊಳ್ಳುವ ಮದ್ದು

ಆಯಸ್ಸು ಹೆಚ್ಚಿಸುತ್ತದೆ ಅಂತ ಮಾತ್ರೆ ಮಾಡಿ ಮಾರುವ ರೆಸ್ವೆರಟ್ರಾಲ್ ಎಂಬ ಸಸ್ಯಜನ್ಯ ವಸ್ತುವಿನ ಹೆಸರು ಹೇಳಿದ ಕೂಡಲೇ ಎಲ್ಲರೂ ದ್ರಾಕ್ಷಿ, ರೆಡ್ ವೈನ್ ಅನ್ನುತ್ತಾರೆ. ನಾನು ಚಳ್ಳಕೆರೆ ಕಡೆಯವಳು, ನನಗೆ ಮೊದಲು ನೆನಪಾಗುವುದು ಶೇಂಗಾ. ಹಸಿ ಬೀಜಕ್ಕೆ ಹುಳು ಕಚ್ಚಿದರೆ, ಬೂಷ್ಟು ತಗುಲಿದರೆ, ಗಾಯವಾದ ಜಾಗದಲ್ಲೇ ಬೀಜ ಈ ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ನಮ್ಮ ಆಯಸ್ಸು ಹೆಚ್ಚಿಸಲಿ ಅಂತ ಅಲ್ಲ, ತಾನು ಉಳಿಯಬೇಕು ಅಂತ.

ಈ ಬಗೆಯ ವಸ್ತುಗಳನ್ನು ಸ್ಟಿಲ್ಬೀನ್‌ಗಳು ಅನ್ನುತ್ತೇವೆ. ಎರಡು ಬೆಂಜೀನ್ ಉಂಗುರ, ನಡುವೆ ದ್ವಿಬಂಧದಿಂದ ಸೇರಿದ ಎರಡು ಇಂಗಾಲ, ಅಷ್ಟೇ ಚೌಕಟ್ಟು. ಸ್ಟಿಲ್ಬೀನ್ ಸಿಂಥೇಸ್ ಎಂಬ ಕಿಣ್ವ ಒಂದು ಕೌಮರಾಯಿಲ್-ಕೋಎ, ಮೂರು ಮೆಲೊನೈಲ್-ಕೋಎ ಅಣುಗಳನ್ನು ಸೇರಿಸಿ ರೆಸ್ವೆರಟ್ರಾಲ್ ಕಟ್ಟುತ್ತದೆ. ಹೂವಿನ ಬಣ್ಣಗಳು ಹುಟ್ಟುವುದೂ ಇದೇ ಕಚ್ಚಾ ಮಾಲಿನಿಂದ. ಶೇಂಗಾ ಇಲ್ಲಿಗೇ ನಿಲ್ಲುವುದಿಲ್ಲ. ಸ್ಟಿಲ್ಬೀನಿಗೆ ಐದು ಇಂಗಾಲದ ಬಾಲ ಸೇರಿಸಿ ಅರಾಕಿಡಿನ್ ಅನ್ನುವ ವಸ್ತುಗಳನ್ನೂ ಮಾಡಿಕೊಳ್ಳುತ್ತದೆ.

ನಾನು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಫೈನಲ್ ಇಯರ್ ಮಕ್ಕಳಿಗೆ ಇದನ್ನು ಕಣ್ಣಾರೆ ತೋರಿಸಬಹುದು. ಬೀಜವನ್ನು ರಾತ್ರಿಯಿಡೀ ನೆನೆಸಬೇಕು. ಬ್ಲೇಡಿನಲ್ಲಿ ತೆಳ್ಳಗೆ ಹೆಚ್ಚಿ, ಒದ್ದೆ ಫಿಲ್ಟರ್ ಪೇಪರ್ ಮೇಲೆ ಹರಡಿ, ಎರಡು ದಿನ ಬೀರುವಿನ ಕತ್ತಲಲ್ಲಿ ಇಡಬೇಕು. ಹೆಚ್ಚಿದ ಅಂಚು ಕಂದು ತಿರುಗಿರುತ್ತದೆ. ಅದನ್ನು ಆಲ್ಕೋಹಾಲಿನಲ್ಲಿ ಅರೆದು ಸೋಸಿ, ಟಿಎಲ್‌ಸಿ ಪ್ಲೇಟಿನ (ದ್ರಾವಕ ಮೇಲೇರುವಾಗ ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಎತ್ತರದಲ್ಲಿ ಬೇರ್ಪಡಿಸುವ ಹಲಗೆ) ಮೇಲೆ ಒಂದು ಚುಕ್ಕೆ ಇಟ್ಟು ಓಡಿಸಿ, ಯುವಿ ದೀಪದ ಕೆಳಗೆ ಹಿಡಿದರೆ ನೀಲಿ ಬೆಳಕು. ಪಕ್ಕದಲ್ಲೇ ಹೆಚ್ಚದ ಬೀಜದ ಸಾರ ಓಡಿಸಿದ್ದರೆ ಆ ಸಾಲಿನಲ್ಲಿ ನೀಲಿ ಇದೆಯೋ ಇಲ್ಲವೋ ಅನ್ನುವಷ್ಟು ಮಂಕು. ಎರಡೇ ದಿನದಲ್ಲಿ ಒಂದು ಬೀಜ ಇಷ್ಟು ಕೆಲಸ ಮಾಡಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ರೋಮಾಂಚನವೇ.

ಒಂದು ಎಚ್ಚರಿಕೆ ಹೇಳಲೇಬೇಕು. ಶೇಂಗಾ ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಬಿ1 ಕೂಡ ಯುವಿ ಬೆಳಕಿನಲ್ಲಿ ನೀಲಿಯಾಗೇ ಹೊಳೆಯುತ್ತದೆ. ಹಾಗಾಗಿ ಬಣ್ಣ ನೋಡಿ ತೀರ್ಮಾನಕ್ಕೆ ಬರಬಾರದು. ಶುದ್ಧ ರೆಸ್ವೆರಟ್ರಾಲನ್ನು ಪಕ್ಕದಲ್ಲೇ ಓಡಿಸಿ, ಚುಕ್ಕೆ ಎಷ್ಟು ಎತ್ತರ ಏರಿದೆ ಅಂತ ಹೋಲಿಸಬೇಕು.

ಜಪಾನಿನ ಮಿಚಿಯೋ ತಕಾಓಕಾ 1939ರಲ್ಲಿ ಒಂದು ವಿಷಗಿಡದ ಬೇರಿನಿಂದ ರೆಸ್ವೆರಟ್ರಾಲ್ ಬೇರ್ಪಡಿಸಿದ್ದರು. ಅದು ಗಿಡದ ರಕ್ಷಣೆಗೆ ಇದೆ ಅನ್ನುವುದು ಗಟ್ಟಿಯಾಗಿದ್ದು 1976ರಲ್ಲಿ. ಲ್ಯಾಂಗ್‌ಕೇಕ್ ಮತ್ತು ಪ್ರೈಸ್ ಎಂಬಿಬ್ಬರು, ಬೂಷ್ಟು ತಗುಲಿದ ದ್ರಾಕ್ಷಿ ಎಲೆ ರೆಸ್ವೆರಟ್ರಾಲ್ ಮಾಡಿಕೊಳ್ಳುವುದನ್ನು ತೋರಿಸಿದರು. 1993ರಲ್ಲಿ ದ್ರಾಕ್ಷಿಯ ಸ್ಟಿಲ್ಬೀನ್ ಸಿಂಥೇಸ್ ಜೀನನ್ನು ತಂಬಾಕಿಗೆ ಸೇರಿಸಿದಾಗ, ಆ ತಂಬಾಕು ಬೂದು ಬೂಷ್ಟನ್ನು ಹೆಚ್ಚು ತಡೆದುಕೊಂಡಿತು.

ಇನ್ನು ರೆಸ್ವೆರಟ್ರಾಲ್ ಮಾತ್ರೆಯ ವಿಷಯ. ಅಮೆರಿಕದಿಂದ ಬಂದ ನಮ್ಮ ಚಿಕ್ಕಪ್ಪನ ಮಗ ಅಪ್ಪನಿಗೆ ಅಂತ 500 ಮಿಲಿಗ್ರಾಂ ಕ್ಯಾಪ್ಸೂಲಿನ ಡಬ್ಬಿ ತಂದುಕೊಟ್ಟ. ಪ್ರೀತಿಯಿಂದ ತಂದಿದ್ದು, ನಿಜ. ಆದರೆ 2004ರ ಒಂದು ಪ್ರಯೋಗ ನೋಡಿ. ಜನರಿಗೆ 25 ಮಿಲಿಗ್ರಾಂ ಕುಡಿಸಿದರು. ಶೇ. 70ರಷ್ಟು ಮೈಗೆ ಸೇರಿತು. ರಕ್ತದಲ್ಲಿ ರೆಸ್ವೆರಟ್ರಾಲ್ ರೂಪದಲ್ಲೇ ಉಳಿದಿದ್ದು ಮಿಲಿಲೀಟರಿಗೆ 5 ನ್ಯಾನೋಗ್ರಾಂಗಿಂತ ಕಡಿಮೆ. ಮಿಕ್ಕಿದ್ದಕ್ಕೆಲ್ಲ ಕರುಳು, ಪಿತ್ತಜನಕಾಂಗ ಸಲ್ಫೇಟು, ಗ್ಲುಕುರೊನೈಡು ಅಂಟಿಸಿ ಹೊರಗೆ ಹಾಕುವ ದಾರಿಗೆ ಹಚ್ಚಿದ್ದವು. ಯೀಸ್ಟಿನಲ್ಲಿ, ಇಲಿಯಲ್ಲಿ ಕಂಡ ಗುಣ ಮನುಷ್ಯನಲ್ಲಿ ಹಾಗೇ ಕಾಣುತ್ತಿಲ್ಲ. ಇಟಲಿಯ ಕಿಯಾಂತಿಯಲ್ಲಿ 65 ದಾಟಿದ 783 ಜನರನ್ನು ವರ್ಷಗಟ್ಟಲೆ ಗಮನಿಸಿ 2014ರಲ್ಲಿ ವರದಿ ಕೊಟ್ಟರು. ಊಟದಲ್ಲಿ ರೆಸ್ವೆರಟ್ರಾಲ್ ಜಾಸ್ತಿ ಇದ್ದವರು ಜಾಸ್ತಿ ದಿನ ಬದುಕಲಿಲ್ಲ.

ಶೇಂಗಾ ತಿಂದರೆ ಸಿಗುತ್ತದಲ್ವಾ ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಅಳೆದಾಗ ಬೇಯಿಸಿದ ಶೇಂಗಾದಲ್ಲಿ ಗ್ರಾಂಗೆ ಸುಮಾರು 5 ಮೈಕ್ರೋಗ್ರಾಂ ಇತ್ತು. ಹುರಿದಿದ್ದರಲ್ಲಿ ಅದರ ನೂರನೇ ಒಂದು ಪಾಲು. ಬೇಯಿಸಿದ ಲೆಕ್ಕ ಹಿಡಿದರೂ, ಆ ಒಂದು ಕ್ಯಾಪ್ಸೂಲಿಗೆ ಸಮ ಆಗಬೇಕಾದರೆ ಒಂದು ಕ್ವಿಂಟಲ್ ತಿನ್ನಬೇಕು. ಶೇಂಗಾ ತಿನ್ನಿ, ಒಳ್ಳೆಯದು. ಅದರ ಪ್ರೋಟೀನಿಗಾಗಿ, ರುಚಿಗಾಗಿ ತಿನ್ನಿ.

ನಮ್ಮ ಭಾಗಕ್ಕೆ ಸ್ಟಿಲ್ಬೀನ್ ಮುಖ್ಯವಾಗುವುದು ಮಾತ್ರೆಯಲ್ಲಲ್ಲ, ಹೊಲದಲ್ಲಿ. ಈ ಮದ್ದು ಮಾಡಿಕೊಳ್ಳಲು ಬೀಜದಲ್ಲಿ ನೀರಿನಂಶ ಇರಬೇಕು. ಕೊನೆಯ ನಾಲ್ಕರಿಂದ ಆರು ವಾರ ಮಳೆ ಕೈಕೊಟ್ಟರೆ ಕಾಯಿ ಮಣ್ಣಿನೊಳಗೇ ಒಣಗತೊಡಗುತ್ತದೆ, ಸ್ಟಿಲ್ಬೀನ್ ತಯಾರಿಕೆ ನಿಂತುಹೋಗುತ್ತದೆ. ಅಫ್ಲಟಾಕ್ಸಿನ್ ವಿಷ ಮಾಡುವ ಆಸ್ಪರ್ಜಿಲ್ಲಸ್ ಬೂಷ್ಟಿಗೆ ಮಾತ್ರ ಅಷ್ಟು ಒಣ ಬೀಜದಲ್ಲೂ ಬೆಳೆಯಲು ಬರುತ್ತದೆ. ಮಣ್ಣು ಬಿಸಿಯಾಗಿದ್ದರೆ ಅದಕ್ಕೆ ಇನ್ನೂ ಅನುಕೂಲ. ಬಲಿತ ದಪ್ಪ ಬೀಜ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ, ಎಳೆ ಬೀಜ ಮೊದಲು ಸೋಲುತ್ತದೆ. ಬರದ ವರ್ಷ ಅಫ್ಲಟಾಕ್ಸಿನ್ ಏರುವುದಕ್ಕೆ ಇದು ದೊಡ್ಡ ಕಾರಣ.

ಹಾಗಾಗಿ ಮುರುಟಿದ, ಬಣ್ಣಗೆಟ್ಟ ಬೀಜ ಆರಿಸಿ ತೆಗೆಯುವುದು ಬರೀ ಅಂದಕ್ಕಲ್ಲ. ವಿಷ ಜಾಸ್ತಿ ಇರುವುದೇ ಅಂಥವುಗಳಲ್ಲಿ. ಆದರೆ ನಮ್ಮಲ್ಲಿ ಆರಿಸಿದ್ದನ್ನು ಬಿಸಾಡುವುದಿಲ್ಲ, ಗಾಣಕ್ಕೆ ಕಳಿಸುತ್ತೇವೆ. ಎಣ್ಣೆ ತೆಗೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸುವಿಗೆ ಹೋಗುತ್ತದೆ. ಹಸುವಿನ ಮೈಯಲ್ಲಿ ಅದು ಅಫ್ಲಟಾಕ್ಸಿನ್ ಎಂ1 ಆಗಿ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವುದು ನಮ್ಮ ಮನೆ ಮಕ್ಕಳೇ. ದಯವಿಟ್ಟು ಆ ಬೀಜವನ್ನು ಗಾಣಕ್ಕೂ ಹಾಕಬೇಡಿ, ದನಕ್ಕೂ ಹಾಕಬೇಡಿ.

ಕೃಷಿ ಹೊಂಡದ ನೀರು ಯಾವಾಗ ಬಿಡಬೇಕು ಅಂತ ನಮ್ಮ ಮನೆಯಲ್ಲಿ ಪ್ರತಿ ವರ್ಷ ಚರ್ಚೆ. ಗಿಡ ಬಾಡಿದ್ದು ಕಂಡ ಕೂಡಲೇ ಬಿಡೋಣ ಅನ್ನುತ್ತಾರೆ ಅಪ್ಪ. ನಾನು ಒಂದು ಸ್ಪ್ರಿಂಕ್ಲರ್ ಸರದಿಗೆ ಸಾಕಾಗುವಷ್ಟನ್ನಾದರೂ ಕೊನೆಯ ತಿಂಗಳಿಗೆ ಉಳಿಸಿ ಅನ್ನುತ್ತೇನೆ. ಟಿಎಂವಿ-2 ಎಂಬ ಶೇಂಗಾ ತಳಿ ಹಾಕಿದವರಿಗೆ ಬಿತ್ತಿದ ಎಪ್ಪತ್ತೈದು ದಿನದ ಆಚೆ ಆ ಹೊತ್ತು ಬರುತ್ತದೆ. ಆಗ ಮಳೆ ಬಂದರೆ ಸರಿ. ಬರದಿದ್ದರೆ ಆ ಒಂದು ಸರದಿಯಿಂದ ಕಾಯಿ ತುಂಬುವುದರ ಜೊತೆಗೆ, ಬೀಜಕ್ಕೆ ತನ್ನ ಮದ್ದು ತಯಾರಿಸಿಕೊಳ್ಳುವಷ್ಟು ಹಸಿಯೂ ಉಳಿಯುತ್ತದೆ.