ಬೀಳುತ್ತಿದ್ದ ಇಎಲ್‌ಸಿಬಿ ಸರಿಯಾಗೇ ಇತ್ತು

ತುಮಕೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡಿಕೊಂಡು ಹದಿನಾಲ್ಕು ವರ್ಷ ಆಯಿತು. ಅದರಲ್ಲಿ ಒಂದು ತಪ್ಪು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಒಂದು ಮಳೆಗಾಲದಲ್ಲಿ ಹಳೇ ಮನೆಯೊಂದರಿಂದ ಫೋನ್ ಬಂತು. ಇಎಲ್‌ಸಿಬಿ (ಕರೆಂಟ್ ಎಲ್ಲಾದರೂ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಪದೇ ಪದೇ ಬೀಳುತ್ತಿದೆ, ಇಡೀ ಮನೆಯ ಕರೆಂಟ್ ಹೋಗುತ್ತಿದೆ ಅಂತ. ಹೋದರೆ ಮನೆ ತುಂಬಾ ನೆಂಟರು. ಮಾರನೇ ದಿನ ಮಗಳ ಸೀಮಂತ. ಗೋಡೆ ತೇವ ಆಗಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಇಎಲ್‌ಸಿಬಿಯ ವೈರ್ ಬಿಚ್ಚಿ, ನೇರ ಸೇರಿಸಿ, ಕಪ್ಪು ಟೇಪ್ ಸುತ್ತಿದೆ. 'ಫಂಕ್ಷನ್ ಮುಗೀಲಿ, ಬಂದು ನೋಡ್ತೀನಿ' ಅಂದೆ. ಹೋಗಲಿಲ್ಲ. ಕರೆಂಟ್ ಹೋಗುತ್ತಿರಲಿಲ್ಲವಲ್ಲ, ಅವರೂ ಕರೆಯಲಿಲ್ಲ.

ಏಪ್ರಿಲ್‌ನಲ್ಲಿ ಮತ್ತೆ ಫೋನ್. 'ಬಚ್ಚಲಿನ ನಲ್ಲಿ ಮುಟ್ಟಿದ್ರೆ ಅರ್ಥ್ ಹೊಡೀತಿದೆ.'

ನಲ್ಲಿಯ ಕೆಳಗೆ ಒಂದು ಮರದ ಮಣೆ ಇತ್ತು. ಅದರ ಮೇಲೆ ನಿಂತರೆ ಅಷ್ಟು ಜುಮ್ ಅನ್ನಲ್ಲವಂತೆ. ಮಣೆ ಪೂರ್ತಿ ಒದ್ದೆ. ಪಕ್ಕದಲ್ಲೇ ಮಗುವಿಗೆ ನೀರು ಹಾಕುವ ಟಬ್. ಅದನ್ನು ನೋಡಿ ನನ್ನ ಕೈ ತಣ್ಣಗಾಯಿತು. ಗೀಸರ್ ಆನ್ ಮಾಡಿ, ನಲ್ಲಿಗೂ ಒದ್ದೆ ನೆಲಕ್ಕೂ ಮೀಟರ್ ಇಟ್ಟೆ. 60 ವೋಲ್ಟ್ ತೋರಿಸಿತು.

ಗೀಸರ್ ಬಿಚ್ಚಿದೆ. ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಮೇಲೆ ಬೆರಳು ದಪ್ಪ ಕಟ್ಟಿತ್ತು. ಒಂದು ಕಡೆ ಕಾಯಿಲ್ ಬಿರುಕು ಬಿಟ್ಟು ಕರೆಂಟ್ ನೀರಿಗೆ, ಟ್ಯಾಂಕಿಗೆ ಸೋರುತ್ತಿತ್ತು. ಅಂದರೆ ಮಳೆಗಾಲದಲ್ಲಿ ಇಎಲ್‌ಸಿಬಿ ಹೇಳುತ್ತಿದ್ದದ್ದು ಇದನ್ನೇ! ನಾನು ಅದರ ಬಾಯಿ ಮುಚ್ಚಿದ್ದೆ. ಅಷ್ಟು ತಿಂಗಳು ಆ ಸೋರಿಕೆಯನ್ನು ಹಸಿರು ವೈರ್, ಅಂದರೆ ಅರ್ಥ್ ವೈರ್ ಒಂದೇ ನೆಲಕ್ಕೆ ಇಳಿಸುತ್ತಿತ್ತು. ಬೇಸಿಗೆಗೆ ಅರ್ಥ್ ಪೈಪ್ ಹೂತಿದ್ದ ಗುಂಡಿ ಒಣಗಿತು. ಆ ಪೈಪಿಗೆ ವೈರ್ ಹಿಡಿದಿದ್ದ ಕ್ಲಾಂಪ್ ತುಕ್ಕು ಹಿಡಿದು ಕೈಯಲ್ಲೇ ಕಳಚಿ ಬಂತು. ನಾವೆಲ್ಲ 'ಅರ್ಥ್ ಹೊಡೀತಿದೆ' ಅಂತೀವಿ ಅಲ್ವಾ, ಅಲ್ಲಿ ಹೊಡೆದದ್ದು ಅರ್ಥ್ ಸರಿ ಇಲ್ಲದ್ದಕ್ಕೆ.

'ಎಂಸಿಬಿ ಇದೆಯಲ್ಲ, ಅದು ಯಾಕೆ ಬೀಳಲಿಲ್ಲ?' ಅಂತ ಮನೆಯವರು ಕೇಳಿದರು. ತುಂಬಾ ಜನ ಕೇಳುವ ಪ್ರಶ್ನೆ. ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸ್ವಿಚ್. 2,000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಎಂಸಿಬಿ ಹಾಕಿರುತ್ತೇವೆ. ಅದು ಕಾಯುವುದು ವೈರನ್ನು. ಮನುಷ್ಯನ ಜೀವ ಹೋಗೋಕೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಸಾಕು, ಅಷ್ಟು ಎಂಸಿಬಿಗೆ ಗೊತ್ತೇ ಆಗಲ್ಲ. ಇಎಲ್‌ಸಿಬಿ ಅಂತ ನಾವು ಕರೆಯುವ ಆರ್‌ಸಿಸಿಬಿ, ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬಂತಾ ಅಂತ ನೋಡುತ್ತದೆ. ಮನೆಗೆ ಹಾಕುವುದರಲ್ಲಿ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಅವತ್ತೇ ಕಾಯಿಲ್ ಬದಲಾಯಿಸಿ, ಟೇಪ್ ಬಿಚ್ಚಿ ಇಎಲ್‌ಸಿಬಿ ಮತ್ತೆ ಜೋಡಿಸಿದೆ. ಮಾರನೇ ದಿನ ಹೊಸ ಅರ್ಥ್ ಪೈಪ್ ಹೂತೆ. ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಟೇಪ್ ಸುತ್ತಿದ್ದು ನನ್ನ ತಪ್ಪು ಅಂತ ಆ ಮಗುವಿನ ಅಜ್ಜಿಯ ಮುಂದೆ ಹೇಳಿದೆ.

ಈಗ ಎಷ್ಟೇ ಅವಸರ ಇದ್ದರೂ ಇಎಲ್‌ಸಿಬಿ ತಪ್ಪಿಸಿ ಲೈನ್ ಕೊಡುವುದಿಲ್ಲ. ತೊಂದರೆ ಇರುವ ಲೈನಿನ ಫೇಸ್, ನ್ಯೂಟ್ರಲ್ ಎರಡೂ ಬಿಚ್ಚಿಟ್ಟು ಉಳಿದ ಮನೆಗೆ ಕರೆಂಟ್ ಕೊಡುತ್ತೇನೆ. ಹೊರಡುವ ಮೊದಲು ಮನೆಯವರ ಕೈಯಲ್ಲೇ ಇಎಲ್‌ಸಿಬಿ ಮೇಲಿನ 'ಟಿ' (ಟೆಸ್ಟ್) ಬಟನ್ ಒತ್ತಿಸುತ್ತೇನೆ. ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಅದೇ ದಿನ ಕರೆಯಿರಿ ಅಂತ ಹೇಳಿ ಬರುತ್ತೇನೆ.